ಮಿಸ್ ಪಿಮ್ಮಳ ಪಾಯಿಜಾಮ, ನಮ್ಮತ್ತೆಯ ಕಚ್ಚೆ

ಮೊನ್ನೆ ಶನಿವಾರ ಟೊರಾಂಟೋ ಪಕ್ಕದ ಮಾರ್ಕಮ್‌ನ ಮಾಲಿನಲ್ಲಿ ಮಗಳು ಇಂಚರ ಟ್ರಯಲ್ ರೂಮಿನೊಳಗೆ ಸೇರಿಕೊಂಡು ಮುಕ್ಕಾಲು ಗಂಟೆಯಾಗಿತ್ತು. ನಾನು ಹೊರಗೆ ಅವಳ ಜಾಕೆಟ್ಟು, ಬ್ಯಾಗು, ಅರ್ಧ ಕುಡಿದ ಬಬಲ್ ಟೀ ಎಲ್ಲವನ್ನೂ ಹೊತ್ತು ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ನಿಂತಿದ್ದೆ. ಎದುರಿಗೆ ತಲೆಯಿಲ್ಲದ ಒಂದು ಗೊಂಬೆ. ಅದರ ಮೈಮೇಲೆ ಮೊಣಕಾಲಿನವರೆಗೆ ಇಳಿದ ಕಂದು ಬಣ್ಣದ ಅಂಗಿ, ಅಂಗಿಯ ಕೆಳಗೆ ಗಾಳಿ ತುಂಬಿಕೊಂಡಂತೆ ಉಬ್ಬಿ ಹಿಮ್ಮಡಿಯ ಹತ್ತಿರ ನಿರಿಗೆ ಹಿಡಿದ ಪ್ಯಾಂಟು. ಕೊರಳಿಗೆ ‘ಹೊಸದಾಗಿ ಬಂದದ್ದು’ ಎಂದು ಚೀಟಿ ಬೇರೆ. ಚೀಟಿ ಓದಿದ್ದೇ ನನಗೆ ನಗು ಬಂತು. ಬಂತು ಅಂದರೆ ತುಟಿ ಅರಳಿಸುವ ನಗು ಅಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು. ಟ್ರಯಲ್ ರೂಮಿನ ಪರದೆಯಿಂದ ಇಂಚರಳ ತಲೆ ಹೊರಬಂತು. “ಮಾಮ್, ಸ್ಟಾಪ್! ಪೀಪಲ್ ಆರ್ ಲುಕಿಂಗ್,” ಅಂದಳು.

ನೀವೇ ಹೇಳಿ, ನಗದೆ ಏನು ಮಾಡಲಿ? ಆ ಗೊಂಬೆ ಹಾಕಿಕೊಂಡಿದ್ದ ಉಡುಪನ್ನೇ ಹಾಕಿಕೊಂಡು ನಾನು ವರ್ಷಗಟ್ಟಲೆ ಭಾಷಣ ಬಿಗಿದಿದ್ದೇನೆ. ಆ ಉಡುಪಿಗಾಗಿ ಮಿಸ್ ಹೆಸ್ಟರ್ ಪಿಮ್ ಎಂಬ ಹೆಣ್ಣುಮಗಳು, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಇದೇ ಸೀಮೆಯ ಬೀದಿಗಳಲ್ಲಿ ಕೆಸರು ಎರಚಿಸಿಕೊಂಡಿದ್ದಾಳೆ. ಅವಳ ಕತೆ ಹೇಳಹೊರಟರೆ ನಮ್ಮತ್ತೆಯ ಕತೆಯನ್ನೂ ಹೇಳಬೇಕಾಗುತ್ತದೆ. ನಮ್ಮತ್ತೆಯ ಕತೆಯಲ್ಲಿ ನಾನು ಅಷ್ಟೇನೂ ಚೆಂದ ಕಾಣುವುದಿಲ್ಲ. ಇರಲಿ, ಬನ್ನಿ, ಟ್ರಯಲ್ ರೂಮಿನಿಂದ ಇವಳು ಹೊರಬರುವಷ್ಟರಲ್ಲಿ ಅರ್ಧವಾದರೂ ಹೇಳಿಬಿಡುತ್ತೇನೆ.

ಎಲ್ಲ ಶುರುವಾದದ್ದು ಕೆನಡಿಯನ್ ಎಕ್ಸ್‌ಪೀರಿಯನ್ಸ್ ಎಂಬ ಪದಾರ್ಥದಿಂದ. ಇಲ್ಲಿ ಕೆಲಸ ಸಿಗಬೇಕಾದರೆ ಇಲ್ಲಿ ಕೆಲಸ ಮಾಡಿದ ಅನುಭವ ಬೇಕು. ಅನುಭವ ಬೇಕಾದರೆ ಕೆಲಸ ಸಿಗಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಅಂತಾರಲ್ಲ, ಹಾಗೆ. ಧಾರವಾಡದಲ್ಲಿ ಹನ್ನೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ಕೆನಡಾಕ್ಕೆ ಬಂದು, ಬೋಲ್ಟನ್ನಿನಲ್ಲಿ ನಮ್ಮ ಯಜಮಾನರಿಗೆ ವೇರ್‌ಹೌಸಿನ ಡಿಸ್‌ಪ್ಯಾಚಿನಲ್ಲಿ ಕೆಲಸ ಸಿಕ್ಕಿ, ಟೌನ್‌ಹೌಸ್ ಒಂದಾಗಿ, ಇಂಚರ ಮೂರನೇ ಕ್ಲಾಸಿಗೆ ಬಂದ ಮೇಲೆ ನಾನೂ ಕೆಲಸ ಹುಡುಕತೊಡಗಿದೆ. ಸಲಹೆ ಕೊಡುವ ಆಫೀಸಿನ ಹುಡುಗಿಯೊಬ್ಬಳು ನನ್ನ ಹನ್ನೊಂದು ವರ್ಷವನ್ನು ಒಂದು ಮುಗುಳ್ನಗೆಯಲ್ಲಿ ಆಚೆ ಸರಿಸಿ, “ಎಲ್ಲಾದರೂ ವಾಲಂಟಿಯರ್ ಮಾಡಿ,” ಅಂದಳು. ಹಾಗೆ ನಾನು ಬೋಲ್ಟನ್ನಿನಿಂದ ಇಪ್ಪತ್ತು ನಿಮಿಷ ಉತ್ತರಕ್ಕಿದ್ದ ಒಂದು ಹಳೆಯ ಇಟ್ಟಿಗೆ ಮನೆಗೆ ಹೋಗಿ ಸೇರಿಕೊಂಡೆ. ಅದು ಮಿಸ್ ಪಿಮ್ ಬಾಳಿ ಬದುಕಿದ ಮನೆ; ಈಗ ಊರಿನವರು ಸೇರಿ ನಡೆಸುವ ಸಣ್ಣ ಮ್ಯೂಸಿಯಂ.

ಅದನ್ನು ನೋಡಿಕೊಳ್ಳುತ್ತಿದ್ದವರು ಬ್ರೆಂಡಾ. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎಪ್ಪತ್ತರ ಹತ್ತಿರದ ವಯಸ್ಸು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟ. ಮೊದಲ ದಿನ ನನ್ನನ್ನು ಮಹಡಿಗೆ ಕರೆದೊಯ್ದು ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಲ್ಲಿಸಿ, ದನಿ ತಗ್ಗಿಸಿ, ಇದೇ ನೋಡು, ಇಡೀ ಸೀಮೆ ಬೆಚ್ಚಿಬಿದ್ದ ಉಡುಪು, ಅಂದರು. ನಾನು ಬಗ್ಗಿ ನೋಡಿದೆ. ಮೊಣಕಾಲಿನವರೆಗಿನ ಉಣ್ಣೆಯ ಅಂಗಿ, ಕೆಳಗೆ ನಿರಿಗೆ ಹಿಡಿದ ದೊಗಲೆ ಪಾಯಿಜಾಮ. “ಅಯ್ಯ ಶಿವನs, ಇದು ಚೂಡಿದಾರ ಅಲ್ಲೇನು!” ಅಂತ ಬಾಯಿಂದ ಬಂದೇಬಿಟ್ಟಿತು. ಬ್ರೆಂಡಾಗೆ ಅರ್ಥ ಹೇಳಿದೆ. ಇಂಥದ್ದು ನನ್ನ ಹತ್ತಿರ ಹದಿನೆಂಟಿವೆ, ಈಗಲೂ ಒಂದು ಹಾಕಿಕೊಂಡಿದ್ದೇನೆ, ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮರುವಾರ ಟೂರ್ ಕೊಡುತ್ತಿದ್ದ ಹೆಂಗಸು ಕಾಲು ಮುರಿದುಕೊಂಡಾಗ, ಆ ಉಡುಪಿನ ನಕಲು ನನ್ನ ಮೈಗೆ ಬಂತು.

ಹೆಸ್ಟರ್ ಪಿಮ್ ಗಿರಣಿ ಸಾಹುಕಾರನ ಮಗಳು, ಊರ ಶಾಲೆಯ ಟೀಚರು. ಒಂದು ಸಂಜೆ ಒಂದು ಕೈಯಲ್ಲಿ ದೀಪ, ಇನ್ನೊಂದು ಕೈಯಲ್ಲಿ ನೀರಿನ ಬಕೆಟ್ಟು ಹಿಡಿದು ಮಹಡಿ ಹತ್ತುವಾಗ ಲಂಗದ ಅಂಚನ್ನು ತಾನೇ ತುಳಿದು ಉರುಳಿದಳು. ಆಗಿನ ಹೆಂಗಸರ ಉಡುಪು ಅಂದರೆ ನಿಮಗೆ ಕಲ್ಪನೆ ಬರಲಿಕ್ಕಿಲ್ಲ: ಒಳಗೆ ಉಸಿರು ಕಟ್ಟುವಂತೆ ಬಿಗಿದ ಕವಚ, ಅದರ ಮೇಲೆ ಪದರ ಪದರ ಲಂಗ, ಎಲ್ಲದರ ಭಾರ ಸೊಂಟದ ಮೇಲೆ. ಮಳೆ ಬಂದರೆ ಊರ ಕೆಸರನ್ನೆಲ್ಲ ಗುಡಿಸಿಕೊಂಡು ಮನೆಗೆ ತರಬೇಕು. ಭುಜದ ಮೂಳೆ ಮುರಿದು ಹಾಸಿಗೆ ಹಿಡಿದ ಹೆಸ್ಟರ್ ಸೂರು ನೋಡುತ್ತ ಯೋಚಿಸಿದಳು. ಎದ್ದ ಮೇಲೆ ಕತ್ತರಿ ಕೈಗೆತ್ತಿಕೊಂಡಳು. ಆ ಹೊಸ ಉಡುಪಿನಲ್ಲಿ ಶಾಲೆಗೆ ಹೋದ ದಿನ ಹುಡುಗರು ಕೆಸರು ಎರಚಿದರು, ಪಾದ್ರಿಗಳು ಬಂದು ಬುದ್ಧಿ ಹೇಳಿದರು, ಶಾಲೆಯ ಮಂಡಳಿ ಸಭೆ ಸೇರಿ ಕೆಲಸದಿಂದ ತೆಗೆಯಿತು. ಆ ಸಭೆಯಲ್ಲಿ ಕೈ ಎತ್ತಿದವರೆಲ್ಲ ಗಂಡಸರು. ಅವರನ್ನು ಆರಿಸಿದವರೂ ಗಂಡಸರು. ಪಾಯಿಜಾಮದಿಂದ ವೋಟಿನ ಕಡೆಗೆ ಅವಳು ನಡೆದು ಬಂದದ್ದು ಹೀಗೆ.

ಆಮೇಲೆ ಮೂವತ್ತು ವರ್ಷ ಅದೇ ಕೆಲಸ. ಚಳಿಗಾಲದಲ್ಲಿ ಹಿಮಗಾಡಿ ಹೂಡಿಕೊಂಡು ಮನೆಮನೆಗೆ ಹೋಗಿ, ಹೆಂಗಸರಿಗೂ ವೋಟು ಕೊಡಿ ಎಂಬ ಅರ್ಜಿಗೆ ಸಹಿ ಸಂಗ್ರಹಿಸುವುದು. ಕೆಲವರು ನಾಯಿ ಬಿಡುತ್ತಿದ್ದರು. ಕೆಲವು ಮನೆಗಳಲ್ಲಿ ಹೆಂಗಸರು ಗಂಡ ಕೊಟ್ಟಿಗೆಗೆ ಹೋಗುವುದನ್ನೇ ಕಾದಿದ್ದು, ಹಿಟ್ಟು ಮೆತ್ತಿದ ಕೈಯಲ್ಲಿ ಗಡಿಬಿಡಿಯಿಂದ ಹೆಸರು ಗೀಚುತ್ತಿದ್ದರಂತೆ. ಆ ಕಾಗದಗಳನ್ನೆಲ್ಲ ಹೊತ್ತು ಟೊರಾಂಟೋಕ್ಕೆ ಹೋದರೆ ಅಲ್ಲಿನ ಶಾಸನಸಭೆಯಲ್ಲಿ ನಗು. ಐವತ್ತು ದಾಟಿದ ಮೇಲೆ ಸೈಕಲ್ ಕಲಿತಳು. ಮದುವೆಯಾಗಲಿಲ್ಲ. ಹೆಂಗಸರಿಗೆ ವೋಟು ಬರುವ ಮೊದಲೇ, ಒಂದು ಸಲವೂ ವೋಟು ಹಾಕದೆ, ಮಹಡಿಯ ಆ ಕೋಣೆಯಲ್ಲೇ ತೀರಿಕೊಂಡಳು.

ಅವಳು ನಿಜವಾಗಿ ಯಾವ ಮಾತು ಆಡಿದಳೋ ಯಾರಿಗೂ ಗೊತ್ತಿಲ್ಲ; ನನ್ನ ಭಾಷಣ ಬರೆದವರು ಬ್ರೆಂಡಾ. ನಾನದನ್ನು ಧಾರವಾಡದ ಟೀಚರಿನ ಗಂಟಲಿನಲ್ಲಿ, ಮೆಟ್ಟಿಲ ಮೇಲೆ ನಿಂತು, ಬೆರಳೆತ್ತಿ ಹೇಳುತ್ತಿದ್ದೆ. ನಾನೇನು ಉಡಬೇಕೆಂದು ನಾನೇ ಹೇಳುತ್ತೇನೆ, ನೆರೆಯವರಲ್ಲ! ಶಾಲೆಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಒಂದು ದಿನ ನಾನು ಭಾವಾವೇಶದಲ್ಲಿ ಮಿಸ್ ಪಿಮ್ ನಮಗೆಲ್ಲರಿಗಾಗಿ ಹೋರಾಡಿದಳು ಅಂದಾಗ ಬ್ರೆಂಡಾ ಟೂರ್ ಮುಗಿದ ಮೇಲೆ ಪಕ್ಕಕ್ಕೆ ಕರೆದರು. “ಅವಳು ನಿನ್ನಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಅವಳ ಅರ್ಜಿಯಲ್ಲಿ ನಿನ್ನ ಬಣ್ಣದವರಿಗೆ ಜಾಗ ಇರಲಿಲ್ಲ. ಅದು ನಿನಗೆ ಗೊತ್ತಿರಲಿ,” ಅಂದರು. ಹಾಗೆ ಸುತ್ತಿ ಬಳಸದೆ ಹೇಳಿದ್ದಕ್ಕೇ ನನಗೆ ಬ್ರೆಂಡಾ ಹಿಡಿಸಿದರು. ಆದರೂ ಭಾಷಣ ಬಿಡಲಿಲ್ಲ. ಬಿಡುವುದುಂಟೇ, ಧಾರವಾಡ ಬಿಟ್ಟ ಮೇಲೆ ನನ್ನ ಮಾತನ್ನು ನಾಲ್ಕು ಜನ ಕೂತು ಕೇಳಿದ್ದೇ ಅಲ್ಲಿ.

ಈಗ ಮನೆಗೆ ಬನ್ನಿ.

ನಮ್ಮತ್ತೆ ಪಾರ್ವತೆವ್ವ ಖಾನಾಪುರದ ಕಡೆಯವರು. ಭತ್ತದ ಗದ್ದೆಯಲ್ಲಿ ನಾಟಿ ಮಾಡಿ, ಹೊರೆ ಹೊತ್ತು, ಮಗನನ್ನು ಓದಿಸಿದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇಲ್ಲಿಗೆ ಬಂದರು. ಬಂದವರು ತಂದದ್ದು ಎರಡು ಟ್ರಂಕು. ಒಂದರ ತುಂಬ ಒಂಬತ್ತು ಗಜದ ಸೀರೆಗಳು. ಕಚ್ಚೆ ಹಾಕಿ ಉಡುತ್ತಿದ್ದರು. ಮುಂದಿನ ನಿರಿಗೆಯನ್ನು ಕಾಲ ನಡುವಿನಿಂದ ಹಿಂದಕ್ಕೆ ಎಳೆದು ಬೆನ್ನ ಕೆಳಗೆ ಬಿಗಿಯಾಗಿ ಸಿಗಿಸಿದರೆ ಸೀರೆ ಎರಡು ಕಾಲಿಗೂ ಬೇರೆ ಬೇರೆ ಸುತ್ತಿಕೊಳ್ಳುತ್ತಿತ್ತು; ಓಡಬಹುದು, ಬಗ್ಗಬಹುದು, ಏಣಿ ಹತ್ತಬಹುದು. ಕೆಳಗೆ ದಪ್ಪ ಸಾಕ್ಸು, ಹಿಮದ ಬೂಟು, ಮೇಲೆ ಮಗನ ಹಳೆಯ ದಪ್ಪ ಪಾರ್ಕಾ ಕೋಟು. ಈ ಅವತಾರದಲ್ಲಿ ದಿನಾ ಬೆಳಿಗ್ಗೆ ಪಾರ್ಕಿನವರೆಗೆ ಹೋಗಿ ಒಬ್ಬ ಪಂಜಾಬಿ ಮುದುಕಿಯ ಜೊತೆ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಆಕೆ ಪಂಜಾಬಿಯಲ್ಲಿ ಸೊಸೆಯನ್ನು ಬೈಯುತ್ತಿದ್ದಳು, ಇವರು ಕನ್ನಡದಲ್ಲಿ. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು. ಸಿಟಿಜನ್‌ಶಿಪ್ಪಿನ ಪ್ರಮಾಣವಚನಕ್ಕೂ ಅತ್ತೆ ಕಚ್ಚೆ ಉಟ್ಟೇ ಹೋಗಿದ್ದರು. ಪ್ರಮಾಣ ಬೋಧಿಸಿದವರು ಎರಡೂ ಕೈಯಲ್ಲಿ ಅವರ ಕೈ ಹಿಡಿದು ಕುಲುಕಿದ್ದರು.

ಕೆಟ್ಟದ್ದು ಕನ್ನಡದವರ ಒಂದು ಸಂತೋಷಕೂಟದಲ್ಲಿ. ಬೆಂಗಳೂರಿನ ಹೆಂಗಸೊಬ್ಬರು, ಒಳ್ಳೆಯವರೇ ಪಾಪ, ಅತ್ತೆಯನ್ನು ನೋಡಿ, “ಅಯ್ಯೋ, ಸೋ ಕ್ಯೂಟ್! ನಿಮ್ಮತ್ತೆ ಇನ್ನೂ ಹೀಗೇ ಉಡ್ತಾರಾ? ನಮ್ಮ ಕಡೆ ಹೊಲದ ಕೆಲಸದವರು ಉಡ್ತಿದ್ರು,” ಅಂದರು. ಅಷ್ಟೇ. ಸುತ್ತ ನಿಂತ ನಾಲ್ಕು ರೇಷ್ಮೆ ಸೀರೆಗಳು ಸಣ್ಣಗೆ ನಕ್ಕವು. ಅತ್ತೆ ಹೊಲದ ಕೆಲಸ ಮಾಡಿದವರೇ; ಅದನ್ನು ಮುಚ್ಚಿಡಬೇಕೆಂದು ಅವರಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ನನಗೆ. ಮರುದಿನವೇ ಅಂಗಡಿಗೆ ಹೋಗಿ ದಪ್ಪನೆಯ ಪ್ಯಾಂಟು ಎರಡು, ಉದ್ದನೆಯ ಸ್ವೆಟರು ಎರಡು ತಂದು ಅತ್ತೆಯ ಮಂಚದ ಮೇಲಿಟ್ಟೆ.

“ಅತ್ತಿ, ಇನ್ನ ಮ್ಯಾಲೆ ಹೊರಗ ಹೋಗುವಾಗ ಇವನ್ನ ಹಾಕ್ಕೋರಿ. ಥಂಡಿ ಭಾಳ ಅದ.”

ಅತ್ತೆ ಪ್ಯಾಂಟನ್ನೂ ನೋಡಿದರು, ನನ್ನನ್ನೂ ನೋಡಿದರು. “ಥಂಡಿ ಯಾರಿಗೆ? ನನಗೋ, ನಿನಗೋ?” ಅಂದರು.

ಈ ಸೀರೆಯಲ್ಲಿ ನಿಮ್ಮನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ, ಜನ ನಗುತ್ತಾರೆ ಎಂದೂ ಸೇರಿಸಿಬಿಟ್ಟೆ. ಅತ್ತೆ ಜಗಳಾಡಲಿಲ್ಲ. “ಹಂಗಾರ ನಾ ಮನ್ಯಾಗ ಕುಂದರತೀನಿ ಬಿಡು,” ಅಂದರು. ಅಂದದ್ದಷ್ಟೇ ಅಲ್ಲ, ಕೂತರು. ಆ ಚಳಿಗಾಲ, ವಸಂತ, ಬೇಸಿಗೆ ಪೂರ್ತಿ ಬಾಗಿಲಿನ ಹೊಸ್ತಿಲು ದಾಟಲಿಲ್ಲ. ಮನೆಯೊಳಗೆ ಅದೇ ಕಚ್ಚೆ. ಬೇಸ್‌ಮೆಂಟಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುವುದು, ಮೇಲೆ ಬಂದು ಕಿಟಕಿಯಲ್ಲಿ ನಿಲ್ಲುವುದು. ಪಂಜಾಬಿ ಮುದುಕಿ ಒಂದೆರಡು ಸಲ ಬಾಗಿಲು ತಟ್ಟಿ, “ಮಾತಾಜಿ ಕಹಾಂ ಹೈಂ?” ಎಂದು ಕೇಳಿದಳು. ಸಲ್ವಾರ್ ಕಮೀಜು ಹಾಕಿಕೊಂಡು, ತಲೆಗೆ ದುಪಟ್ಟಾ ಹೊದ್ದು ನಿಂತಿದ್ದ ಆಕೆಗೆ, ಅತ್ತೆಯ ಮೈ ಸರಿಯಿಲ್ಲ ಅಂತ ಸುಳ್ಳು ಹೇಳಿ ಕಳಿಸಿದೆ. ನಮ್ಮ ಯಜಮಾನರು, “ನಿಮ್ಮಿಬ್ಬರ ನಡು ನಾ ಬರಂಗಿಲ್ಲ,” ಎಂದು ಗಂಡಸರು ಆಡುವ ಮಾತನ್ನೇ ಆಡಿ ಶಿಫ್ಟಿಗೆ ಹೋದರು. ಹಠ ಇಳಿದೀತು, ಕಾದು ನೋಡೋಣ ಎಂದು ನಾನೂ ಸುಮ್ಮನಾದೆ. ವಾರಕ್ಕೆರಡು ದಿನ ಮಿಸ್ ಪಿಮ್ಮಳ ಪಾಯಿಜಾಮ ಏರಿಸಿಕೊಂಡು ಮೆಟ್ಟಿಲ ಮೇಲೆ ನಿಂತು ಉಡುಪಿನ ಸ್ವಾತಂತ್ರ್ಯ ಸಾರುವುದನ್ನು ಮಾತ್ರ ತಪ್ಪಿಸಲಿಲ್ಲ.

ಇದು ಆಗ ನನಗೆ ಹೊಳೆದಿರಲಿಲ್ಲವೇ ಅಂತ ನೀವು ಕೇಳಬಹುದು. ಹೊಳೆದಿರಲಿಲ್ಲ. ಮನುಷ್ಯನಿಗೆ ತನ್ನ ಬೆನ್ನು ಕಾಣುವುದಿಲ್ಲ. ಜನವಿಲ್ಲದ ಮಧ್ಯಾಹ್ನಗಳಲ್ಲಿ ಆ ಹಳೆಯ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಕಿಟಕಿಯ ಹಳೆಯ ಗಾಜು ಅಲ್ಲಲ್ಲಿ ಅಲೆಯಾಗಿತ್ತು. ಅದರ ಮೂಲಕ ನೋಡಿದರೆ ಹೊರಗಿನ ಮರ, ರಸ್ತೆ ಎಲ್ಲ ನೀರಿನೊಳಗೆ ನಿಂತಂತೆ ತೂಗುತ್ತಿದ್ದವು. ನಾನು ಕುರ್ಚಿಯಲ್ಲಿ ಕೂತು ಅರೆನಿದ್ದೆಗೆ ಜಾರುತ್ತಿದ್ದೆ. ಆಗ ಮಿಸ್ ಪಿಮ್ ರಸ್ತೆಯ ತಿರುವಿನಲ್ಲಿ ಬರುತ್ತಿದ್ದಳು, ಹಿಮಗಾಡಿಯಿಲ್ಲದೆ, ನಡೆದುಕೊಂಡು, ಬಗಲಲ್ಲಿ ಅರ್ಜಿಯ ಕಟ್ಟು. ಒಮ್ಮೆ ಅವಳ ಪಕ್ಕದಲ್ಲಿ ನಮ್ಮತ್ತೆಯೂ ಇದ್ದರು. ಪಿಮ್ ಏನೋ ಕೇಳುತ್ತಿದ್ದಳು, ಅತ್ತೆ ಬಗ್ಗಿ ತನ್ನ ಕಚ್ಚೆಯ ತುದಿ ಎತ್ತಿ ತೋರಿಸುತ್ತಿದ್ದರು. ಇಬ್ಬರೂ ರಸ್ತೆ ನಡುವೆ ನಿಂತು ಸಂತೆಯಲ್ಲಿ ಬಟ್ಟೆ ನೋಡುವವರ ಹಾಗೆ ನಿಧಾನವಾಗಿ ಮಾತಾಡುತ್ತಿದ್ದರು. ನಾನು ಕರೆದೆ. ಇಬ್ಬರೂ ತಿರುಗಿ ನೋಡಲಿಲ್ಲ. ಎಚ್ಚರಾದ ಮೇಲೂ ಅವರು ಯಾಕೆ ತಿರುಗಲಿಲ್ಲವೆಂದು ತಿಳಿಯಲಿಲ್ಲ.

ತಿಳಿದದ್ದು ಆಗಸ್ಟಿನಲ್ಲಿ. ಬ್ರೆಂಡಾ ಅಟ್ಟದ ಟ್ರಂಕುಗಳನ್ನು ಇಳಿಸಿ ಬಟ್ಟೆಗಳಿಗೆ ಗಾಳಿಯಾಡಿಸುತ್ತಿದ್ದರು. ನಾನು ಕೈಗವಸು ಹಾಕಿಕೊಂಡು ಒಂದೊಂದೇ ಬಿಡಿಸಿ ಕೊಡುತ್ತಿದ್ದೆ. ಒಂದು ಕಪ್ಪು ಲಂಗ ಹೊರಬಂತು, ಹಳೆಯ ಕಾಲದ ನೆಲ ಗುಡಿಸುವಂಥ ಉದ್ದನೆಯದು. ಇದು ಪಿಮ್ಮಳದ್ದೇ ಅಂದೆ. ಅಲ್ಲ, ಅವಳ ತಾಯಿಯದು ಅಂದರು ಬ್ರೆಂಡಾ. ತಾಯಿ ಸಾಯುವವರೆಗೂ ಮಗಳ ಪಾಯಿಜಾಮವನ್ನು ಒಪ್ಪಲಿಲ್ಲವಂತೆ. ಅದು ಸೈತಾನನ ಉಡುಪು ಅನ್ನುತ್ತಿದ್ದಳಂತೆ. ಒಂದೇ ಮನೆಯಲ್ಲಿ ಇಬ್ಬರೂ, ಜಗಳವಿಲ್ಲದ ದಿನವಿಲ್ಲ. “ಆದರೆ ಅಂಚು ನೋಡು,” ಅಂದರು. ನೋಡಿದೆ. ಮುದುಕಿ ಬಾಗುತ್ತ ಗಿಡ್ಡವಾದಂತೆಲ್ಲ ಲಂಗದ ಅಂಚನ್ನು ಮತ್ತೆ ಮತ್ತೆ ಮೇಲಕ್ಕೆ ಮಡಿಸಿ ಹೊಲಿಯಲಾಗಿತ್ತು, ಎಡವದ ಹಾಗೆ. ಸಣ್ಣ ಸಣ್ಣ, ಒತ್ತಾದ ಹೊಲಿಗೆ. ಗಾಜಿನ ಪೆಟ್ಟಿಗೆಯ ಉಡುಪಿನಲ್ಲಿ ಇದ್ದದ್ದೂ ಅದೇ ಕೈಯ ಹೊಲಿಗೆ.

ಇಡೀ ಸೀಮೆಯ ಲಂಗ ಬಿಡಿಸಹೊರಟವಳು ತನ್ನ ತಾಯಿಯ ಲಂಗವನ್ನು ವರ್ಷಾ ವರ್ಷ ಕೂತು ಹೊಲಿದು ಕೊಟ್ಟಿದ್ದಳು. ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ನಾಚಿಕೆ, ನಿಜವಾದ ನಾಚಿಕೆ, ಅವತ್ತು ಮೊದಲ ಸಲ ಆಯಿತು. ಅವತ್ತೇ ಮನೆಗೆ ಹೋಗಿ ತಪ್ಪಾಯಿತು ಅನ್ನಬೇಕೆಂದುಕೊಂಡೆ. ಹೋದೆ. ಅತ್ತೆ ಕಿಟಕಿಯಲ್ಲಿ ನಿಂತಿದ್ದರು. ತಪ್ಪೊಪ್ಪಿಕೊಳ್ಳುವ ಬದಲು ಜುಣಕದ ವಡೆ ಮಾಡಿದೆ. ಅತ್ತೆ ನಾಲ್ಕು ತಿಂದು, “ಉಪ್ಪು ಕಮ್ಮಿ,” ಅಂದರು. ಹೀಗೆ ಇನ್ನೂ ಎರಡು ತಿಂಗಳು ಹೋದವು.

ಎಲೆ ಉದುರುವ ಕಾಲಕ್ಕೆ ಚುನಾವಣೆ ಬಂತು. ಅತ್ತೆಯ ಹೆಸರಿನಲ್ಲೂ ಪೋಸ್ಟಿನಲ್ಲಿ ಒಂದು ಕಾರ್ಡು ಬಂತು. ಇಂಚರ ಓದಿ ಹೇಳಿದಳು, “ಅಜ್ಜೀ, ಯು ಗೆಟ್ ಟು ವೋಟ್!” ವೋಟು ಎಂಬ ಶಬ್ದ ಕೇಳಿದ್ದೇ ಅತ್ತೆಯ ಮುಖದಲ್ಲಿ ಬೆಳಕು ಬಂತು. ಮದುವೆಯಾಗಿ ಬಂದಾಗಿನಿಂದ ಊರಿನಲ್ಲಿ ಒಂದು ಚುನಾವಣೆಯನ್ನೂ ಅವರು ತಪ್ಪಿಸಿದವರಲ್ಲ. ಆ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ತಲೆ ಬಾಚಿ, ಕುಂಕುಮದ ಬಣ್ಣದ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತರು.

“ನಾ ವೋಟಿಗೆ ಹೊಂಟೀನಿ. ಕಚ್ಚೀಲೇ ಹೊಂಟೀನಿ. ನೀ ಬಂದ್ರ ಬಾ, ಇಲ್ಲಾಂದ್ರ ದಾರಿ ಹೇಳು, ಒಬ್ಬಾಕಿನ ಹೋಗ್ತೀನಿ.”

“ಬರ್ತೀನಿ ಅತ್ತಿ,” ಅಂದೆ. ಸುಮಾರು ಒಂದು ವರ್ಷದ ಮೇಲೆ ನಮ್ಮತ್ತೆ ಹೊಸ್ತಿಲು ದಾಟಿದರು. ಹೊರಗೆ ಬಂದು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು, ಗಾಳಿಯನ್ನು ಮೂಸುವವರ ಹಾಗೆ. ನನಗೆ ಅಳು ಒತ್ತಿ ಬಂತು.

ಇಂಚರಳ ಶಾಲೆಯ ಜಿಮ್ಮಿನಲ್ಲಿ ಮತಗಟ್ಟೆ. ದಾರಿಯುದ್ದಕ್ಕೂ ನಾನು ವಿವರಿಸಿದೆ: ಹೆಸರಿನ ಮುಂದೆ ಪೆನ್ಸಿಲಿನಿಂದ ಅಡ್ಡಗೀಟು ಹಾಕಬೇಕು. “ಪೆನ್ಸಿಲ್ಲೇನು? ಯಾರರ ರಬ್ಬರ್ ತಗೊಂಡು ಅಳಿಸಿದ್ರ?” ಎಂದು ಅತ್ತೆ ನಿಂತೇಬಿಟ್ಟರು. ಅವರ ಕೈ ಹಿಡಿದು ನಡೆಸಿದೆ. ಒಳಗೆ ಹೋದರೆ ನಮ್ಮ ಮೇಜಿನ ಹಿಂದೆ ಕೂತಿದ್ದವರು ಬ್ರೆಂಡಾ! ಊರಿನ ನಿವೃತ್ತರೆಲ್ಲ ಚುನಾವಣೆಯ ದಿನ ಇಂಥ ಕೆಲಸಕ್ಕೆ ಬರುತ್ತಾರೆ. ಬ್ರೆಂಡಾ ಕೆಲಸದ ಹೊತ್ತಿನಲ್ಲಿ ಗುರುತು ಪರಿಚಯ ತೋರಿಸುವವರಲ್ಲ. ಅತ್ತೆಯ ಕಾರ್ಡು ನೋಡಿ, ಪಟ್ಟಿಯಲ್ಲಿ ಹೆಸರು ಹುಡುಕಿ ಗೀಟೆಳೆದರು. ಗೀಟೆಳೆದದ್ದೇ ತಡ, ಅತ್ತೆ ಎಡಗೈಯ ತೋರುಬೆರಳನ್ನು ಚಾಚಿ ಮೇಜಿನ ಮೇಲೆ ಇಟ್ಟರು.

ಬ್ರೆಂಡಾ ಬೆರಳನ್ನು ನೋಡಿದರು. ಆಕೆಗೇನು ಗಾಯವಾಗಿದೆಯೇ ಎಂದು ನನ್ನನ್ನು ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಚೀಲದಿಂದ ಬ್ಯಾಂಡ್‌ಏಡ್ ತೆಗೆದರು. ಅತ್ತೆ ಬೆರಳು ಹಿಂದಕ್ಕೆ ಎಳೆದುಕೊಂಡರು. “ಪಟ್ಟಿ ಅಲ್ಲವ್ವಾ, ಮಸಿ! ಮಸಿ ಹಚ್ಚು!”

ನಾನು ಇಬ್ಬರಿಗೂ ಎರಡು ಭಾಷೆಯಲ್ಲಿ ಒಂದೇ ಸಂಗತಿ ಹೇಳಿದೆ. ನಮ್ಮಲ್ಲಿ ವೋಟಿನ ಗುರುತಿಗೆ ಬೆರಳಿಗೆ ಮಸಿ ಹಚ್ಚುತ್ತಾರೆ, ಇಲ್ಲಿ ಹಚ್ಚುವುದಿಲ್ಲ. ಬ್ರೆಂಡಾ ತಲೆಯಾಡಿಸಿ ಮತಪತ್ರ ಕೊಟ್ಟರು. ಅತ್ತೆ ರಟ್ಟಿನ ಮರೆಗೆ ಹೋಗಿ, ಪೆನ್ಸಿಲು ಮುರಿಯುವಷ್ಟು ಒತ್ತಿ ಗೀಟು ಹಾಕಿದರು. ಆ ಸದ್ದು ನನಗೆ ಕೇಳಿಸಿತು. ಪೆಟ್ಟಿಗೆಗೆ ಹಾಕಿ ಬಂದರು. ಬಂದವರು ಮತ್ತೆ ಮೇಜಿನ ಮುಂದೆ ನಿಂತರು. ಬೆರಳು ಮತ್ತೆ ಮೇಜಿನ ಮೇಲೆ.

“ಅತ್ತಿ, ನಡೀರಿ. ಹಿಂದ ಮಂದಿ ಕಾಯಾಕತ್ತಾರ.”

“ಮಸಿ ಇಲ್ಲದ ವೋಟು ಎಂಥಾ ವೋಟವಾ? ಒಂದ್ ವರ್ಷಾತು, ಮನಿಯಿಂದ ಹೊರಗ ಬಂದೀನಿ. ಬಂದೀನಿ ಅನ್ನಾಕ ಒಂದ್ ಗುರುತು ಬ್ಯಾಡೇನು?”

ಹಿಂದೆ ಇಪ್ಪತ್ತು ಜನರ ಸಾಲಿತ್ತು. ಅವರಲ್ಲಿ ನಮ್ಮ ಬೀದಿಯವರಿದ್ದರು, ಇಂಚರಳ ಟೀಚರಿದ್ದರು. ಎಲ್ಲರೂ ನೋಡುತ್ತಿದ್ದರು: ಇಳಕಲ್ ಸೀರೆ, ಕಚ್ಚೆ, ಬೂಟು, ಚಾಚಿದ ಬೆರಳು. ಯಾವುದಕ್ಕೆ ಹೆದರಿ ಒಂದು ವರ್ಷ ಈ ಜೀವವನ್ನು ಒಳಗೆ ಕೂಡಿಹಾಕಿದ್ದೆನೋ ಅದೇ ನಡೆಯುತ್ತಿತ್ತು. ನಾನು ಪರ್ಸಿನಿಂದ ನೀಲಿ ಬಾಲ್‌ಪೆನ್ ತೆಗೆದೆ. ಅಲ್ಲೇ ಆ ಜಿಮ್ಮಿನ ನೆಲದ ಮೇಲೆ ಮೊಣಕಾಲೂರಿ ಕೂತು, ಅತ್ತೆಯ ಎಡಗೈಯನ್ನು ನನ್ನ ಅಂಗೈಯಲ್ಲಿ ಇಟ್ಟುಕೊಂಡೆ. ಉಗುರಿನ ಮೇಲೆ ಗೀಟೆಳೆದೆ.

“ಉಗುರಿಗಷ್ಟs ಅಲ್ಲ,” ಅತ್ತೆ ಮೇಲಿಂದ ಹೇಳಿದರು, “ಚರ್ಮಕ್ಕೂ ಹತ್ತಬೇಕು. ಇಲ್ಲಾಂದ್ರ ಲಗೂನ ಹೋಗತೈತಿ.”

ಚರ್ಮಕ್ಕೂ ಎಳೆದೆ. ಸಾಲಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೂ ಅವತ್ತು ನನಗೆ ಕೇಳಿಸುತ್ತಿರಲಿಲ್ಲ. ಬ್ರೆಂಡಾ ಮಾತ್ರ ಮೇಜಿನ ಮೇಲಿಂದ ಬಗ್ಗಿ, ಅತ್ತೆಯ ಕಾಲುಗಳಿಗೆ ಬೇರೆ ಬೇರೆ ಸುತ್ತಿದ್ದ ಆ ಸೀರೆಯನ್ನೇ ನೋಡುತ್ತಿದ್ದರು, ಮಿಸ್ ಪಿಮ್ಮಳ ಹೊಸ ಉಡುಪೊಂದು ಟ್ರಂಕಿನಲ್ಲಿ ಸಿಕ್ಕವರ ಹಾಗೆ.

ಮನೆಗೆ ಬರುವಾಗ ಅತ್ತೆ ಮುಂದೆ, ನಾನು ಹಿಂದೆ. ಅಷ್ಟು ದಿನ ಕೂತಿದ್ದ ಕಾಲುಗಳಿಗೆ ಆ ವೇಗ ಎಲ್ಲಿಂದ ಬಂತೋ! ಬಿಗಿ ಜೀನ್ಸಿನಲ್ಲಿ ಏದುಸಿರು ಬಿಡುತ್ತ ಅವರನ್ನು ಹಿಡಿದೆ. “ಅತ್ತಿ, ನಂದು ತಪ್ಪಾತು,” ಅಂದೆ.

“ಯಾವುದು?”

“ಥಂಡಿ ಅದ ಅಂತ ಸುಳ್ಳು ಹೇಳಿದ್ದು.”

“ಥಂಡಿ ಅಂತೂ ಐತಿ,” ಎಂದು ಅತ್ತೆ ನಕ್ಕರು. ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿ, ಬೆಂಚಿನ ಮೇಲೆ ಪಂಜಾಬಿ ಗೆಳತಿ ಇದ್ದಾಳೇನೋ ನೋಡಲು ಪಾರ್ಕಿನ ಕಡೆ ತಿರುಗಿದರು.

ಅದಾದ ಮೇಲೆ ಭಾನುವಾರಗಳಲ್ಲಿ ಅತ್ತೆ ನನ್ನ ಜೊತೆ ಮ್ಯೂಸಿಯಮ್ಮಿಗೂ ಬರತೊಡಗಿದರು. ನಾನು ಮುಂದೆ ಟೂರ್ ಕೊಡುತ್ತಿದ್ದರೆ ಹಿಂದಿನ ಕೋಣೆಯಲ್ಲಿ ಬ್ರೆಂಡಾ ಮತ್ತು ಅತ್ತೆ. ಬ್ರೆಂಡಾಗೆ ಕಚ್ಚೆ ಹೇಗೆ ಉಡುತ್ತಾರೆಂದು ತಿಳಿಯಬೇಕಿತ್ತು. ಅತ್ತೆಗೆ ಕಲಿಸಲು ಒಬ್ಬರು ಬೇಕಿತ್ತು. “ನೀನೂ ಬಾ, ಕಲಕೋ,” ಎಂದು ಅತ್ತೆ ನನ್ನನ್ನು ಎಷ್ಟು ಸಲ ಕರೆದರೋ. “ಆಮೇಲೆ ಅತ್ತಿ, ಈಗ ಮಂದಿ ಬಂದಾರ,” ಅನ್ನುತ್ತಿದ್ದೆ. ಮನೆಯಲ್ಲಿ ಕರೆದರೆ ಒಲೆಯ ಮೇಲೆ ಏನೋ ಇರುತ್ತಿತ್ತು. ಅವರು ಇರುತ್ತಾರಲ್ಲ, ಎಲ್ಲಿಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ, ಊಟ ಮಾಡಿ ಮಲಗಿದವರು ಮಧ್ಯಾಹ್ನದ ಚಹಾಕ್ಕೆ ಏಳಲಿಲ್ಲ.

ಟ್ರಯಲ್ ರೂಮಿನಿಂದ ಇಂಚರ ಮೊನ್ನೆ ಬರಿಗೈಯಲ್ಲಿ ಹೊರಬಂದಳು. ಅವಳೀಗ ಒಶಾವಾದಲ್ಲಿ ಯೂನಿವರ್ಸಿಟಿಗೆ ಹೋಗುತ್ತಾಳೆ. ಮುಂದಿನ ವಾರ ಅಲ್ಲಿ ಏನೋ ಕಾರ್ಯಕ್ರಮ, ಎಲ್ಲರೂ ತಮ್ಮ ತಮ್ಮ ಮನೆಯ ಉಡುಪು ಹಾಕಬೇಕಂತೆ. “ಇಲ್ಲಿ ಯಾವುದೂ ಬ್ಯಾಡ. ಐ ವಾಂಟ್ ಟು ವೇರ್ ಅಜ್ಜೀಸ್ ಸಾರಿ. ಲೈಕ್ ಅಜ್ಜಿ ವೋರ್ ಇಟ್,” ಅಂದಳು. ಅಜ್ಜಿಯ ಸೀರೆ, ಅಜ್ಜಿ ಉಟ್ಟ ಹಾಗೆ. ಸೀರೆಗಳಿವೆ, ಟ್ರಂಕಿನ ತುಂಬ ಇವೆ. ಉಡಿಸುವುದು ನನಗೆ ಗೊತ್ತಿಲ್ಲ. ಮನೆಗೆ ಬಂದು ಯಜಮಾನರನ್ನು ಕೇಳಿದೆ. “ನನಗ ಲುಂಗೀನ ನಿಲ್ಲಂಗಿಲ್ಲ,” ಅಂದರು.

ನಿನ್ನೆ ಎರಡು ಸೀರೆಗಳನ್ನು ಬ್ಯಾಗಿಗೆ ಹಾಕಿಕೊಂಡು ತಾಯಿ ಮಗಳು ಬ್ರೆಂಡಾರ ಮನೆಗೆ ಹೋದೆವು. ಅವರಿಗೆ ಎಂಬತ್ತು ಹತ್ತಿರ ಬಂದಿದೆ, ಬೆರಳುಗಳು ಸೊಟ್ಟಗಾಗಿವೆ. ಕೇಳಿದ್ದೇ ತಡ, ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದರು. ಪುಟಗಳ ತುಂಬ ಚಿತ್ರಗಳು, ಬಾಣದ ಗುರುತುಗಳು; ಪಕ್ಕದಲ್ಲಿ ಅತ್ತೆ ಆಡಿದ ಒಂದೊಂದು ಮಾತನ್ನೂ ಕಿವಿಗೆ ಕೇಳಿಸಿದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರು. ಇಂಚರಳನ್ನು ನಡುಮನೆಯಲ್ಲಿ ನಿಲ್ಲಿಸಿ ಓದುತ್ತ ಉಡಿಸತೊಡಗಿದರು. “ನಡಕ್ಕ ಗಂಟು ಹಾಕು.” ಗಂಟು ಹಾಕಿದರು. “ನಿರಿಗಿ ಹಿಡಿ.” ಹಿಡಿದರು. “ಹಿಂದಕ್ಕ ತಗೋ, ಬಿಗೀ ಸಿಗಸು.” ಕೆನಡಾದ ನಾಲಿಗೆಯಲ್ಲಿ ಒತ್ತು, ದೀರ್ಘ ಎಲ್ಲ ಎಲ್ಲೆಲ್ಲೋ ಬೀಳುತ್ತಿದ್ದವು. ಆದರೂ ಅದು ಖಾನಾಪುರದ ಮಾತು, ಅತ್ತೆಯ ಮಾತು. ನಾನು ಗೋಡೆಗೆ ಒರಗಿ ನಿಂತೆ. ಕೊನೆಗೆ ಬ್ರೆಂಡಾ ಸೆರಗು ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು, ಕನ್ನಡಕ ಏರಿಸಿಕೊಂಡು, ಇನ್ನೂ ಉಳಿದಿದ್ದ ಒಂದು ಸಾಲನ್ನು ನಿಧಾನವಾಗಿ ಓದಿದರು.

“ಭಾಳ ಚಂದ ಕಾಣತಿ ನನ್ನವ್ವ. ಒಂದ್ ಹೆಜ್ಜಿ ಹಾಕಿ ನೋಡು.”

ಅದು ಸೀರೆ ಉಡಿಸುವ ಕ್ರಮಕ್ಕೆ ಸೇರಿದ್ದಲ್ಲ ಎಂದು ಬ್ರೆಂಡಾಗೆ ಗೊತ್ತಿರಲಿಲ್ಲ. ಅದನ್ನು ಅವರಿಗೆ ಅತ್ತೆ ಯಾವ ಭಾನುವಾರ ಹೇಳಿದರೋ, ನಾನು ಆಗ ಪಕ್ಕದ ಕೋಣೆಯಲ್ಲಿ ಯಾರಿಗೆ ಭಾಷಣ ಬಿಗಿಯುತ್ತಿದ್ದೆನೋ. ಇಂಚರ ಒಂದು ಹೆಜ್ಜೆ ಹಾಕಿದಳು, ಇನ್ನೊಂದು ಹಾಕಿದಳು. ಬಾಗಿಲು ತೆಗೆದು ಅಂಗಳಕ್ಕೆ ಜಿಗಿದಳು. “ಮಾಮ್! ಐ ಕ್ಯಾನ್ ರನ್ ಇನ್ ದಿಸ್!” ಎಂಬ ಕೂಗು ಬೇಲಿಯ ಆಚೆ ತುದಿಯಿಂದ ಕೇಳಿಸಿತು. ನಾನು ಕಣ್ಣೊರೆಸಿಕೊಂಡು ಬ್ಯಾಗಿನಿಂದ ಇನ್ನೊಂದು ಸೀರೆ ತೆಗೆದೆ. “ಬ್ರೆಂಡಾ, ನನಗೂ ಕಲಿಸಿ,” ಅಂದೆ. ಬ್ರೆಂಡಾ ನನ್ನ ಮುಖ ನೋಡಿದರು. ನೋಟ್‌ಬುಕ್ಕನ್ನು ಮತ್ತೆ ಮೊದಲ ಪುಟಕ್ಕೆ ತಿರುಗಿಸಿದರು.